ಬಾಯಿ ಮುಚ್ಚಿ ಹಾಡಿದವಳು

ಊರವರ ಬಾಯಿಗಳನ್ನೆಲ್ಲ ನೋಡಿ ನೋಡಿ ಹಲ್ಲಕ್ಕನಿಗೆ ಮನುಷ್ಯಜಾತಿಯ ಮೇಲೇ ಹೇಸಿಗೆ ಹುಟ್ಟಿಬಿಟ್ಟಿತ್ತು. ಹಲ್ಲಿನ ಕ್ಲಿನಿಕ್ಕಿನಲ್ಲಿ ಹಲ್ಲು ಕ್ಲೀನ್ ಮಾಡುವುದು ಅವಳ ಕೆಲಸ. ಡಾಕ್ಟರು ಕೀಳುತ್ತಾರೆ, ತುಂಬುತ್ತಾರೆ, ಗೋಡೆಯ ಮೇಲಿನ ಸರ್ಟಿಫಿಕೇಟಿನ ಕೆಳಗೆ ನಿಂತು ನಗುತ್ತಾರೆ. ಅದಕ್ಕೂ ಮೊದಲು, ವರ್ಷಾನುಗಟ್ಟಲೆ ಕಟ್ಟಿಕೊಂಡ ಕಿಟ್ಟವನ್ನು ಕೆರೆದು ಕೆರೆದು ತೆಗೆಯುವ ಭಾಗ್ಯ ಇವಳದು. ಬರುವ ದಾರಿಯಲ್ಲೇ ಏನನ್ನೋ ಮೆದ್ದು, ಬಾಯಿ ಕೂಡ ಮುಕ್ಕಳಿಸದೆ ಕುರ್ಚಿಗೆ ಒರಗಿ ‘ಆ’ ಎನ್ನುವವರು; ಇವಳ ಎರಡು ಬೆರಳು ಬಾಯೊಳಗಿರುವಾಗಲೇ ಮಗಳ ಮದುವೆಯ ಸುದ್ದಿ ಹೇಳಲು ಹೊರಡುವವರು; ಉಗುಳಿ ಎಂದರೆ ಬೇಸಿನ್ನು ಬಿಟ್ಟು ಅದರ ಅಂಚಿಗೇ ಗುರಿಯಿಟ್ಟು ಉಗುಳುವವರು. ಹಲ್ಲಕ್ಕ ಎಂಬ ಹೆಸರಿಟ್ಟದ್ದು ಕ್ಲಿನಿಕ್ಕಿಗೆ ಬಂದಿದ್ದ ಒಂದು ಮಗು. ಅವಳ ಬೆರಳು ಕಚ್ಚಿ, ಆಮೇಲೆ ತಾನೇ ಅಳುತ್ತಾ ಇಟ್ಟ ಹೆಸರು. ಮಗು ಮರುದಿನವೇ ಮರೆತಿರಬೇಕು, ಹೆಸರು ಮಾತ್ರ ಇವಳಿಗೆ ಅಂಟಿಕೊಂಡಿತು.

ಕೆಲಸದ ಹೇಸಿಗೆ ಕೆಲಸದಲ್ಲೇ ಉಳಿದಿದ್ದರೆ ಹೇಗೋ ನಡೆಯುತ್ತಿತ್ತು. ಅದು ಅವಳ ಜೊತೆಗೇ ಬಸ್ಸು ಹತ್ತಿ ಮನೆಗೂ ಬಂತು. ಗಂಡ ಲಿಫ್ಟ್ ರಿಪೇರಿಯವನು. ಒಳ್ಳೆಯವನು, ಒಂದು ಕೆಟ್ಟ ಚಟವಿಲ್ಲ, ದನಿ ಎತ್ತರಿಸಿ ಮಾತಾಡಿದವನಲ್ಲ. ಆದರೆ ಊಟಕ್ಕೆ ಕೂತನೆಂದರೆ ಚಪ್ ಚಪ್ ಎಂದು ಚಪ್ಪರಿಸುವ ಸದ್ದು, ಬಿಸಿಯದ್ದನ್ನು ಸುರ್ರೆಂದು ಎಳೆದುಕೊಳ್ಳುವ ಸದ್ದು, ನಡುನಡುವೆ ನಾಲಿಗೆಯಿಂದ ದವಡೆಹಲ್ಲು ತಡಕುವ ಸದ್ದು. ಹಲ್ಲಕ್ಕ ಮೊದಮೊದಲು ಟೀವಿ ಜೋರು ಮಾಡಿದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಉಂಡಳು. ಕೊನೆಗೊಂದು ದಿನ ಹೇಳಿಯೇಬಿಟ್ಟಳು.

“ರೀ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಆ ಕಡೆ ಹೋಗಿ ತಿನ್ನಿ. ನಂಗೆ ಹೊಟ್ಟೆ ತೊಳಸತ್ತೆ.”

ಅವನು ಜಗಳ ಮಾಡಲಿಲ್ಲ. “ಆಯ್ತು ಬಿಡೇ” ಎಂದು ತಟ್ಟೆ ಎತ್ತಿಕೊಂಡು ಬಾಲ್ಕನಿಗೆ ಹೋದ. ಅಂದಿನಿಂದ ಅವನ ಊಟವೆಲ್ಲ ಅಲ್ಲೇ, ಎದುರುಮನೆಯವರು ಒಣಹಾಕಿದ ಬಟ್ಟೆಗಳನ್ನು ನೋಡಿಕೊಂಡು. ಮಳೆ ಬಂದರೆ ಮೂಲೆಗೆ ಸರಿಯುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಒಂದು ಮಾತು ಬೈದಿದ್ದರೆ ಹಲ್ಲಕ್ಕನಿಗೂ ನೆಮ್ಮದಿ ಇರುತ್ತಿತ್ತು. ಬೈಯಲೂ ಇಲ್ಲವಲ್ಲ ಈ ಮಹಾರಾಯ ಎಂದು ಅವನ ಮೇಲೆ ಸಿಟ್ಟು ಬರುತ್ತಿತ್ತು; ಕಟ್ಟಿಕೊಂಡ ಗಂಡನನ್ನೇ ಊಟದಿಂದ ಎಬ್ಬಿಸಿದೆನಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು. ಈ ಕ್ಲಿನಿಕ್ಕು ಬಿಟ್ಟರೆ, ಬಾಯಿಗಳ ಸಹವಾಸ ತಪ್ಪಿದರೆ, ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದಳು.

ಕ್ಲಿನಿಕ್ಕಿನ ಎದುರಿಗೇ ಸಂಗೀತ ಕಾಲೇಜು. ರೋಗಿಗಳಿಲ್ಲದಾಗ ಕಿಟಕಿಯ ಬಳಿ ನಿಂತರೆ ರಸ್ತೆಯಾಚೆ ಪಿಯಾನೋ ಲ್ಯಾಬು ಕಾಣುತ್ತಿತ್ತು. ಸಾಲು ಸಾಲು ಎಲೆಕ್ಟ್ರಿಕ್ ಪಿಯಾನೋಗಳು, ಒಬ್ಬೊಬ್ಬರ ಕಿವಿಗೂ ಒಂದೊಂದು ಹೆಡ್‌ಫೋನು. ಅವರವರು ನುಡಿಸಿದ್ದು ಅವರವರಿಗೆ ಮಾತ್ರ ಕೇಳುತ್ತದೆ. ಬೆರಳುಗಳಷ್ಟೇ ಓಡಾಡುತ್ತವೆ. ಮಾತಿಲ್ಲ, ತಿಂಡಿಯಿಲ್ಲ, ಆಕಳಿಕೆಯಿಲ್ಲ. ಅಷ್ಟೊಂದು ಜನ ಒಟ್ಟಿಗೆ ಬಾಯಿ ಮುಚ್ಚಿಕೊಂಡು ಕೂತಿದ್ದನ್ನು ಹಲ್ಲಕ್ಕ ಜನ್ಮದಲ್ಲಿ ಕಂಡಿರಲಿಲ್ಲ. ಸ್ವರ್ಗ ಅಂತೊಂದಿದ್ದರೆ ಅದು ಹೀಗೇ ಇರಬೇಕು ಅನ್ನಿಸಿತು ಅವಳಿಗೆ. ಆ ಸ್ವರ್ಗಕ್ಕೆ ಒಬ್ಬರು ಸಹಾಯಕರು ಬೇಕೆಂದು ಕಾಲೇಜಿನ ಗೇಟಿನಲ್ಲಿ ಬೋರ್ಡು ಬಿದ್ದ ದಿನ ಅವಳು ಮಾಸ್ಕು ಕೂಡ ಬಿಚ್ಚದೆ ರಸ್ತೆ ದಾಟಿದಳು.

ಪಿಯಾನೋ ಕಲಿಸುವ ಮೇಡಂ ತುರುಬಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಮೇಜಿನ ಹಿಂದೆ ಕೂತಿದ್ದರು.

“ಹೊಸಬರ ಪಕ್ಕ ಕೂತು ಬೆರಳು ತಿದ್ದೋ ಕೆಲಸ ಅದು” ಅಂದರು. “ಆದ್ರೆ ಹೊರಗಿನವರನ್ನ ತಗೊಳಲ್ಲ. ನಮ್ಮ ಕೋರ್ಸ್ ಮುಗಿಸಿ, ಕೊನೇ ಪರೀಕ್ಷೇಲಿ ಯಾರು ಚೆನ್ನಾಗಿ ಮಾಡ್ತಾರೋ ಅವರಿಗೆ.”

“ಹಾಗಾದ್ರೆ ಪಿಯಾನೋಗೆ ನನ್ನ ಹೆಸರು ಬರ್ಕೊಳ್ಳಿ ಮೇಡಂ.”

“ಪಿಯಾನೋ ಒಂದೇ ಕೊಡಲ್ಲಮ್ಮ. ಪಿಯಾನೋ, ಹಾಡು, ಗಿಟಾರು, ಥಿಯರಿ, ನಾಲ್ಕೂ ಸೇರಿದ್ರೇನೇ ಕೋರ್ಸು.”

“ಹಾಡು ಒಂದು ಬಿಟ್ರೆ ಆಗಲ್ವಾ?”

“ಹಾಡು ಬಿಟ್ರೆ, ಬಂದ ಬಾಗಿಲು ಅಲ್ಲೇ ಇದೆ ನೋಡಿ.”

ಹಲ್ಲಕ್ಕ ಡಾಕ್ಟರನ್ನು ಕಾಡಿ ಬೇಡಿ ಮಧ್ಯಾಹ್ನಗಳನ್ನು ಬಿಡಿಸಿಕೊಂಡಳು. ಬದಲಿಗೆ ಭಾನುವಾರದ ಬಾಯಿಗಳನ್ನೂ ತಲೆಗೆ ಕಟ್ಟಿಕೊಂಡಳು. ಸಂಜೆ ಗಂಡನಿಗೆ ಹೇಳಿದಾಗ ಅವನು ಕೈಯ ಗ್ರೀಸು ಒರೆಸುತ್ತಿದ್ದವನು ಹಾಗೇ ನಿಂತ.

“ನೀನು? ಹಾಡ್ತೀಯಾ?”

“ಯಾಕೆ, ಹಾಡಬಾರದಾ?”

“ಹಾಡು, ಹಾಡು. ನಾನು ಬಾಲ್ಕನೀಲಿ ಕೂತು ಕೇಳ್ತೀನಿ.”

ಕುಟುಕಲೆಂದು ಆಡಿದ ಮಾತಲ್ಲ ಅದು. ಬಾಲ್ಕನಿ ಅವನ ಜಾಗವಾಗಿಬಿಟ್ಟಿತ್ತು, ಅಷ್ಟೇ. ಹಲ್ಲಕ್ಕನಿಗೆ ಮಾತ್ರ ಮುಖಕ್ಕೆ ಹೊಡೆದ ಹಾಗಾಯಿತು.

“ನೋಡಿ, ಆ ಕೆಲಸ ಒಂದು ಸಿಗಲಿ. ಕ್ಲಿನಿಕ್ಕಿಗೆ ಒಂದು ನಮಸ್ಕಾರ ಹಾಕಿ ಬರ್ತೀನಿ. ಆಮೇಲೆ ನೀವು ಒಳಗೆ ಬಂದು, ನನ್ನ ಎದುರಿಗೇ ಕೂತು ಊಟ ಮಾಡೋರಂತೆ.”

ಅವನು ಮತ್ತೆ ಗ್ರೀಸು ಒರೆಸತೊಡಗಿದ. “ಬಾಲ್ಕನಿಯಿಂದ ಒಳಗೆ ಬರೋಕೆ ಕಾಲೇಜು ಸುತ್ಕೊಂಡು ಬರಬೇಕೇನೇ?” ಅಂದ.

ದೂರದಿಂದ ಸ್ವರ್ಗ ಕಂಡದ್ದು ಹತ್ತಿರ ಹೋದರೆ ಬರೀ ಕೊಳಕು. ಹೆಡ್‌ಫೋನಿನ ಸ್ಪಂಜಿನ ತುಂಬ ಯಾರ್‍ಯಾರದೋ ಕಿವಿಯ ಜಿಡ್ಡು, ತಲೆಗೆ ಬಳಿದುಕೊಂಡಿದ್ದರ ಅಂಟು. ಪಿಯಾನೋದಲ್ಲಿ ಬೆರಳು ಒತ್ತುವ ಬಿಳಿ ಮನೆಗಳ ಅಂಚಿನಲ್ಲಿ ಬೆವರಿನ ಕಪ್ಪು ಗೆರೆ. ಪಕ್ಕದ ಪಿಯಾನೋದಲ್ಲಿ ಸದಾ ಗಮ್ ಜಗಿಯುವ ಒಬ್ಬ ಹುಡುಗಿ. ತರಗತಿಯಲ್ಲೆಲ್ಲ ಅವಳಿಗೆ ಗಮ್ಮಕ್ಕ ಎಂದೇ ಹೆಸರು. ಮೇಡಂ ಬರುವುದು ಕಂಡರೆ ಬಾಯಿಂದ ಗಮ್ ತೆಗೆದು ಪಿಯಾನೋದ ಅಡಿಗೆ ಅಂಟಿಸುತ್ತಿದ್ದಳು. ಅಷ್ಟಾಗಿದ್ದರೆ ಹಲ್ಲಕ್ಕ ಸಹಿಸಿಕೊಳ್ಳುತ್ತಿದ್ದಳೋ ಏನೋ. ಮೇಡಂ ಆಚೆ ಹೋದ ಮೇಲೆ ಆ ಹುಡುಗಿ ಅಡಿಗೆ ಕೈಹಾಕಿ ಅದನ್ನೇ ಕಿತ್ತು ಮತ್ತೆ ಬಾಯಿಗೆ ಹಾಕಿಕೊಂಡಳು. ಹಲ್ಲಕ್ಕ ಎದ್ದು ಬಚ್ಚಲಿಗೆ ಓಡಿದಳು.

ಮರುದಿನದಿಂದ ಅವಳ ಚೀಲದಲ್ಲಿ ಕ್ಲಿನಿಕ್ಕಿನ ಸ್ಪಿರಿಟ್ಟು, ಹತ್ತಿಯ ಉಂಡೆ. ಮೂಲೆಯ ಒಂದು ಪಿಯಾನೋವನ್ನು ತನ್ನದು ಮಾಡಿಕೊಂಡು, ಕೂರುವ ಮೊದಲು ಸ್ಟೂಲು, ಹೆಡ್‌ಫೋನು, ಒಂದೊಂದು ಮನೆ, ಅದರ ಮೇಲಿನ ಸಾಲು ಬಟನ್ನು, ಎಲ್ಲವನ್ನೂ ಹಲ್ಲಿನ ಕಿಟ್ಟ ತೆಗೆಯುವ ಹಟದಲ್ಲೇ ಉಜ್ಜುತ್ತಿದ್ದಳು.

“ಆಂಟಿ, ಪಿಯಾನೋಗೆ ಹಲ್ಲುಜ್ಜಿ ಆಯ್ತಾ?” ಎಂದು ಗಮ್ಮಕ್ಕ ಕೇಳಿದರೆ ತರಗತಿಯೆಲ್ಲ ನಗುತ್ತಿತ್ತು.

“ನಿನ್ನ ಹಲ್ಲು ಮೊದಲು ಉಜ್ಜಿಕೋ ತಾಯಿ” ಎನ್ನುತ್ತಿದ್ದಳು ಹಲ್ಲಕ್ಕ, ತಲೆ ಎತ್ತದೆ.

ಉಜ್ಜಿದ್ದರ ಫಲ ಏನಾಯಿತೆಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹಲ್ಲಕ್ಕನಿಗೆ ಅದು ತಿಳಿದದ್ದು ಬಹಳ ತಡವಾಗಿ. ಸ್ಪಿರಿಟ್ಟಿಗೆ ಬಟನ್ನುಗಳ ಕೆಳಗಿನ ಅಕ್ಷರಗಳೆಲ್ಲ ಅಳಿಸಿಹೋದವು. ಯಾವ ಬಟನ್ನು ಯಾವುದಕ್ಕೆ ಎಂದು ಬ್ರಹ್ಮನಿಗೂ ತಿಳಿಯದ ಹಾಗಾಯಿತು. ಒತ್ತಿ ಒತ್ತಿ ಒರೆಸುವಾಗ ಒಂದು ಬಟನ್ನು ನಾಲ್ಕು ಸಲ ಒತ್ತಿಹೋಗಿ, ಪಕ್ಕದಲ್ಲಿ ಸಣ್ಣ ಕೆಂಪು ದೀಪ ಹತ್ತಿಕೊಂಡಿತು. ಶ್ರುತಿ ಬದಲಾಯಿಸುವ ಬಟನ್ನು ಅದು. ಬೆರಳು ಒಂದು ಮನೆ ಒತ್ತಿದರೆ ಸ್ವರ ಅದಕ್ಕಿಂತ ನಾಲ್ಕು ಮನೆ ಕೆಳಗಿನದು ಬರುತ್ತದೆ. ಹಾಡು ಅದೇ ಹಾಡು, ತಾಳ ಅದೇ ತಾಳ. ಇಡೀ ಹಾಡು ಮೆಟ್ಟಿಲಿಳಿದು ಕೆಳಗೆ ಕೂತಿರುತ್ತದೆ, ಅಷ್ಟೇ. ಪಿಯಾನೋ ಆರಿಸಿ ಹಾಕಿದರೂ ಅದು ಹಾಗೇ ಉಳಿಯುತ್ತಿತ್ತು. ಕೆಂಪು ದೀಪ ಕಂಡ ಹಲ್ಲಕ್ಕ, ಮಿಷನ್ನು ಸರಿಯಾಗಿದೆ ಅನ್ನುವುದಕ್ಕೆ ಅದು ಗುರುತು ಎಂದುಕೊಂಡು ಸಮಾಧಾನಪಟ್ಟು, ಆಮೇಲೆ ಆ ಬಟನ್ನಿನ ತಂಟೆಗೇ ಹೋಗಲಿಲ್ಲ. ಹೆಡ್‌ಫೋನಿನಲ್ಲಿ ಬೇರೆ ಯಾರಿಗೂ ಕೇಳುವ ಹಾಗಿಲ್ಲ. ಮೇಡಂ ತಮ್ಮ ಮೇಜಿನಿಂದ ಒಬ್ಬೊಬ್ಬರದನ್ನು ಒಂದೊಂದು ಗಳಿಗೆ ಕೇಳಿ, “ಹೂಂ, ಬೆರಳು ಸರಿ ಇದೆ” ಎಂದು ಮುಂದಿನವರಿಗೆ ಹೋಗುತ್ತಿದ್ದರು. ಸ್ಪಿರಿಟ್ಟಿನ ಘಾಟಿಗೆ ಆ ಪಿಯಾನೋದ ಹತ್ತಿರ ಮತ್ತೊಬ್ಬರು ಸುಳಿಯುತ್ತಲೂ ಇರಲಿಲ್ಲ.

ಪಿಯಾನೋದ ಕಥೆ ಇದಾದರೆ ಹಾಡಿನ ತರಗತಿ ಶುದ್ಧ ನರಕ. ಹಾಡಿನ ಮೇಷ್ಟ್ರು ದಪ್ಪ ಆಸಾಮಿ. ಮಾತಿಗೊಮ್ಮೆ ಮುಂದಿನ ಸಾಲಿಗೆ ಎಂಜಲಿನ ತುಂತುರು. ಅವರ ಪದ್ಧತಿಯಲ್ಲಿ ಇಬ್ಬಿಬ್ಬರು ಎದುರುಬದುರು ಕೂತು ಬಾಯಿ ತೆರೆದು ಒಬ್ಬರ ಗಂಟಲನ್ನು ಇನ್ನೊಬ್ಬರು ನೋಡಬೇಕು.

“ನಾಲಿಗೆ ಕೆಳಗೆ! ಕಿರುನಾಲಿಗೆ ಕಾಣಬೇಕು! ಗಂಟಲು ಬಾವಿ ಇದ್ದ ಹಾಗೆ ತೆರೀಬೇಕು!” ಎಂದು ಮೇಷ್ಟ್ರು ಕೂಗುತ್ತಾ ಸುತ್ತುತ್ತಿದ್ದರು.

ಹಲ್ಲಕ್ಕನ ಜೋಡಿ ಯಾರೆಂದು ಬೇರೆ ಹೇಳಬೇಕೇ. ಗಮ್ಮಕ್ಕ ಬಾಯಿ ತೆರೆದಳೆಂದರೆ ಬಲದವಡೆಯ ಹುಳುಕು, ಎಡಗಡೆ ಅರ್ಧ ಎದ್ದು ನಿಂತ ಬುದ್ಧಿಹಲ್ಲು, ನಾಲಿಗೆಯ ಮೇಲೆ ಬಿಳಿ ಪದರ, ಮೇಲೆ ಪುದೀನದ ವಾಸನೆ. ಇದನ್ನು ನೋಡುವುದು ತಪ್ಪಲಿ ಎಂದು ಬಂದವಳು ಶುಲ್ಕ ಕಟ್ಟಿ ಇದನ್ನೇ ನೋಡುತ್ತಿದ್ದೇನಲ್ಲ ಎಂದು ಹಲ್ಲಕ್ಕನ ಮೈ ಉರಿಯುತ್ತಿತ್ತು. ತನ್ನ ಸರದಿ ಬಂದಾಗ ಅವಳು ಬಾಯಿಯನ್ನು ಎರಡು ಬೆರಳು ಹಿಡಿಯುವಷ್ಟು ಮಾತ್ರ ತೆರೆಯುತ್ತಿದ್ದಳು. ಬೇರೆಯವರ ಬಾಯಿ ಹೇಗಿರುತ್ತದೆಂದು ಗೊತ್ತಿದ್ದವಳು ತನ್ನದನ್ನು ಯಾರಿಗಾದರೂ ತೋರಿಸಿಯಾಳೇ?

“ಅಮ್ಮಾ, ಹಾಡು ಒಳಗೇ ಉಳ್ಕೊಳ್ತಾ ಇದೆ” ಅಂದರು ಮೇಷ್ಟ್ರು.

“ಒಳಗಿದ್ರೆ ತಪ್ಪೇನು ಸರ್?”

“ತಪ್ಪೇನಿಲ್ಲ, ಕೇಳೋರು ಒಳಗೆ ಬರಬೇಕಾಗತ್ತೆ!” ಎಂದು ಮೇಷ್ಟ್ರು ತಮ್ಮ ತಮಾಷೆಗೆ ತಾವೇ ನಕ್ಕರು. ತುಂತುರು ಅವಳ ಕೈಮೇಲೆ ಬಿತ್ತು. ಅವಳು ಅಲ್ಲೇ, ಅವರ ಎದುರಿಗೇ, ಹತ್ತಿ ತೆಗೆದು ಒರೆಸಿಕೊಂಡಳು.

ಗಿಟಾರು ಕಲಿಸುವವರೂ ಇದೇ ಮೇಷ್ಟ್ರು. ತಂತಿ ಮೀಟಲೆಂದು ಬಲಗೈಯ ಉಗುರುಗಳನ್ನು ಉದ್ದಕ್ಕೆ ಬೆಳೆಸಿ, ಅರದಿಂದ ಉಜ್ಜಿ ಹೊಳಪು ಬರಿಸಿಟ್ಟಿದ್ದರು. ಆ ಉಗುರಿನಿಂದ ಅವರು ತೆಗೆಯುತ್ತಿದ್ದ ನಾದ ಎಂಥದ್ದು ಅಂತೀರಿ, ಕಣ್ಣು ಮುಚ್ಚಿ ಕೇಳಿದರೆ ಹಲ್ಲಕ್ಕನಿಗೂ ಮೈ ಜುಮ್ಮೆನ್ನುತ್ತಿತ್ತು. ಕಣ್ಣು ತೆರೆದರೆ ಕೆಟ್ಟಿತು. ಪಾಠದ ನಡುವೆ ಅದೇ ಹೆಬ್ಬೆರಳಿನ ಉಗುರು ಹಲ್ಲಿನ ಸಂದಿಗೆ ಹೋಗಿ, ಬೆಳಗಿನ ತಿಂಡಿಯ ಚೂರನ್ನು ಹುಡುಕಿ ತಂದು, ಮತ್ತೆ ತಂತಿಯ ಮೇಲೆ ಕೂರುತ್ತಿತ್ತು. ವಿದ್ಯಾರ್ಥಿಗಳೂ ಕಡಿಮೆಯವರಲ್ಲ, ತಂತಿ ಒತ್ತಿ ಒತ್ತಿ ಬೆರಳತುದಿಯ ಚರ್ಮ ದಪ್ಪವಾಗಿ ಸುಲಿದರೆ ಅದನ್ನು ಹಲ್ಲಿನಿಂದ ಕಚ್ಚಿ ಕಿತ್ತು ನೆಲಕ್ಕೆ ಉಗಿಯುತ್ತಿದ್ದರು. ಥೂ! ಹಲ್ಲಕ್ಕ ಕಾಲು ಮೇಲೆತ್ತಿಕೊಂಡು ಕೂರುತ್ತಿದ್ದಳು. ಹಾಗೂ ಹೀಗೂ ಕಲಿತಳು. ಅವಳ ಬೆರಳಿಗೆ ಕಸುಬಿನ ನಯ ಮೊದಲೇ ಇತ್ತು.

ಉಸಿರಾಡಲು ಒಂದು ಜಾಗವಿದ್ದರೆ ಅದು ಥಿಯರಿ. ಬಿಳಿ ಕಾಗದ, ಕಪ್ಪು ಗೆರೆ, ಗೆರೆಯ ಮೇಲೆ ಅಚ್ಚುಕಟ್ಟಾಗಿ ಕೂತ ಸ್ವರಗಳು. ಯಾರ ಎಂಜಲೂ ಇಲ್ಲ. ಒಂದು ಶ್ರುತಿಯಲ್ಲಿರುವ ಹಾಡನ್ನು ಇನ್ನೊಂದು ಶ್ರುತಿಗೆ ಇಳಿಸಿ ಬರೆಯುವ ಲೆಕ್ಕವನ್ನು ಅವಳು ನೀರು ಕುಡಿದ ಹಾಗೆ ಮಾಡುತ್ತಿದ್ದಳು. ಮೇಡಂ ಅವಳ ಕಾಗದವನ್ನು ಎತ್ತಿ ಹಿಡಿದು ತರಗತಿಗೆಲ್ಲ ತೋರಿಸಿದ್ದೂ ಉಂಟು. ಕಾಗದದಲ್ಲಿ ಇಷ್ಟೆಲ್ಲ ಬಲ್ಲವಳಿಗೆ ತನ್ನ ಪಿಯಾನೋದಲ್ಲಿ ಅದೇ ಲೆಕ್ಕ ತಾನಾಗಿಯೇ ನಡೆಯುತ್ತಿದೆ ಎಂದು ಹೊಳೆಯಲಿಲ್ಲ.

ಕೊನೆಯ ಪರೀಕ್ಷೆಯ ಪದ್ಧತಿ ಹೀಗೆ: ಸಭಾಂಗಣದ ದೊಡ್ಡ ಪಿಯಾನೋದಲ್ಲಿ ತಾನೇ ನುಡಿಸುತ್ತಾ ತಾನೇ ಒಂದು ಹಾಡು ಹಾಡಬೇಕು. ಎದುರಿಗೆ ಮೇಡಂ, ಮೇಷ್ಟ್ರು, ಪ್ರಿನ್ಸಿಪಾಲರು. ಹಿಂದಿನ ಕುರ್ಚಿಗಳಲ್ಲಿ ಮನೆಯವರು. ತಪ್ಪಿದರೆ ಒಂದು ಸಲ ಮಾತ್ರ ಮೊದಲಿನಿಂದ ಶುರು ಮಾಡಬಹುದು. ಅದಕ್ಕೇ ಮೇಡಂ ಎಲ್ಲರಿಗೂ ಹೇಳಿ ಹೇಳಿ ಇಟ್ಟಿದ್ದರು: “ಅಭ್ಯಾಸದ ಕೋಣೇಲಿ ನಿಜವಾದ ಪಿಯಾನೋ ಇದೆ. ಲ್ಯಾಬಿನದ್ದನ್ನ ನಂಬ್ಕೊಂಡು ಕೂರಬೇಡಿ. ಒಂದು ಸಲವಾದರೂ ಅಲ್ಲಿ ನುಡಿಸಿ ನೋಡಿ.”

ಹಲ್ಲಕ್ಕ ಹೋದಳು. ಬಾಗಿಲು ತೆಗೆದಳು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಸ್ಪಂಜು ಬಡಿದ, ಕಿಟಕಿಯಿಲ್ಲದ ಗೂಡು. ಬೆಳಗಿನಿಂದ ಅಲ್ಲಿ ಬಾಯಿ ತೆರೆದು ಹಾಡಿದವರೆಲ್ಲರ ಉಸಿರು ಇನ್ನೂ ಅಲ್ಲೇ ಬೆಚ್ಚಗೆ ನಿಂತಿತ್ತು. ಪಿಯಾನೋದ ಮೇಲೆ ಮೂಗು ಒರೆಸಿ ಬಿಸಾಕಿದ ಕಾಗದ, ಮನೆಗಳ ನಡುವೆ ಯಾರೋ ಕತ್ತರಿಸಿ ಹಾಕಿದ ಉಗುರಿನ ಚೂರುಗಳು. ಅವಳು ಬಾಗಿಲು ಹಾಕಿ ಹಿಂದಕ್ಕೆ ಬಂದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮಧ್ಯಾಹ್ನ ಲ್ಯಾಬು ಖಾಲಿಯಿರುವ ಹೊತ್ತಿನಲ್ಲಿ ತನ್ನ ಮೂಲೆಯ ಪಿಯಾನೋದಲ್ಲೇ ಕೂತು, ಹೆಡ್‌ಫೋನು ಹಾಕಿಕೊಂಡು, ತಗ್ಗಿದ ದನಿಯಲ್ಲಿ ಹಾಡಿಕೊಂಡಳು. ಜೋಗುಳದಂಥ ಸಣ್ಣ ಹಾಡು ಅದು. ನಾಲ್ಕು ಮನೆ ಕೆಳಗಿನ ಆ ಶ್ರುತಿಯಲ್ಲಿ ಅದು ಎಷ್ಟು ಸಲೀಸಾಗಿತ್ತೆಂದರೆ ಎರಡು ಬೆರಳಿನಷ್ಟು ಬಾಯಿ ಸಾಕಾಗುತ್ತಿತ್ತು. ಮೇಷ್ಟ್ರು ಸುಮ್ಮನೆ ಬಡಕೊಳ್ಳುತ್ತಾರೆ, ಬಾಯಿ ತೆರೆಯದೆಯೂ ಹಾಡಬಹುದು ಎಂದು ಅವಳಿಗೆ ಧೈರ್ಯ ಬಂತು. ಮನೆಯಲ್ಲಿ ಊಟದ ಮೇಜನ್ನು ಒರೆಸಿ ಅದಕ್ಕೊಂದು ಹೊಸ ಬಟ್ಟೆ ಹಾಸಿದಳು, ಗಂಡನ ಕುರ್ಚಿಯನ್ನು ತನ್ನ ಕುರ್ಚಿಯ ಎದುರಿಗೆ ಎಳೆದಿಟ್ಟಳು.

“ಇದೇನೇ, ಈಗಲೇ?” ಅಂದ ಅವನು.

“ಈಗಲ್ಲ. ಪರೀಕ್ಷೆ ಆಗಲಿ.”

ಪರೀಕ್ಷೆಯ ದಿನ ಗಂಡ ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಬಂದು ಕೂತ. ಹಲ್ಲಕ್ಕನಿಗಿಂತ ಮೊದಲು ಗಮ್ಮಕ್ಕನ ಸರದಿ. ಗಮ್ ಅನ್ನು ಕೈಹಿಂಬದಿಗೆ ಅಂಟಿಸಿಕೊಂಡು ಆ ಹುಡುಗಿ ಬಾಯಿಯನ್ನು ಬಾಗಿಲಿನ ಹಾಗೆ ತೆರೆದು, ಹುಳುಕು, ಬುದ್ಧಿಹಲ್ಲು ಯಾವುದಕ್ಕೂ ನಾಚದೆ, ಸಭಾಂಗಣ ತುಂಬುವ ಹಾಗೆ ಹಾಡಿ ಎದ್ದುಹೋದಳು. ಹಲ್ಲಕ್ಕ ಹತ್ತಿ ತೆಗೆದು ಮನೆಗಳನ್ನು ಒರೆಸತೊಡಗಿದಳು.

“ಇದೇನಮ್ಮ ಇದು?” ಅಂದರು ಪ್ರಿನ್ಸಿಪಾಲರು.

“ಅವರದ್ದು ಯಾವಾಗಲೂ ಹಾಗೇ ಸರ್” ಅಂದರು ಮೇಡಂ. “ಸಾಕು, ಶುರು ಮಾಡಿ.”

ಬೆರಳುಗಳು ತಮ್ಮ ಪಾಡಿಗೆ ಕಲಿತ ಜಾಗದಲ್ಲಿ ಇಳಿದವು. ಆದರೆ ಎದ್ದ ನಾದ ಅವಳ ಹಾಡಿನದಾಗಿರಲಿಲ್ಲ. ಎಲ್ಲೋ ಮೇಲೆ, ತಲೆಯ ಮೇಲಿನ ಅಟ್ಟದಲ್ಲಿ ನಡೆದಾಡಿದ ಹಾಗಿತ್ತು. ಪಿಯಾನೋ ಕೆಟ್ಟಿದೆ ಅಂದುಕೊಂಡಳು. ಅಭ್ಯಾಸದ ಬಲದಿಂದ ದನಿ ಹಳೆಯ ಶ್ರುತಿಯಲ್ಲೇ ಹೊರಟಿತು. ಪಿಯಾನೋ ಒಂದು ಕಡೆ, ಗಂಟಲು ಒಂದು ಕಡೆ. ಕೇಳಿದವರ ಕಿವಿಯಲ್ಲಿ ಮರಳು ಸುರಿದ ಹಾಗಾಗಿರಬೇಕು. ಮೇಷ್ಟ್ರು ಕೈ ಎತ್ತಿದರು.

“ನಿಲ್ಸಿ. ಶ್ರುತಿ ಎಲ್ಲಮ್ಮ ನಿಮ್ಮದು? ಪಿಯಾನೋ ಕೇಳಿಸ್ಕೊಳ್ಳಿ. ಇನ್ನೊಂದು ಸಲ, ಇದೇ ಕೊನೆ.”

ಶ್ರುತಿ ಇಳಿಸಿ ನುಡಿಸಬಹುದಿತ್ತು. ಕಾಗದದ ಮೇಲೆ ಎಷ್ಟು ಸಲ ಇಳಿಸಿರಲಿಲ್ಲ! ಆದರೆ ಆ ಗಳಿಗೆಯಲ್ಲಿ ಕಾಗದ ಎಲ್ಲಿ, ಕೈ ಎಲ್ಲಿ. ಬೆರಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಅವಳು ಮತ್ತೆ ಅಲ್ಲಿಂದಲೇ ಶುರು ಮಾಡಿದಳು, ಈ ಸಲ ದನಿಯನ್ನು ಪಿಯಾನೋದ ಹಿಂದೆಯೇ ಮೇಲಕ್ಕೆ ಎಳೆದುಕೊಂಡು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದು ಏರುತ್ತದೆ. ಎರಡು ಬೆರಳಿನ ಬಾಯಲ್ಲಿ ಗಾಳಿ ಬಂತೇ ಹೊರತು ಸ್ವರ ಬರಲಿಲ್ಲ. ಎದುರಿನಲ್ಲಿ ಮೇಷ್ಟ್ರು ತಮ್ಮ ಬಾಯನ್ನೇ ಅಗಲಕ್ಕೆ ತೆರೆದು, ಉಗುರಿನ ಕೈಯಿಂದ ಅದನ್ನೇ ತೋರಿಸುತ್ತಾ ತೆರಿ, ತೆರಿ ಎಂದು ಸನ್ನೆ ಮಾಡುತ್ತಿದ್ದರು. ನಿಲ್ಲಿಸಿದರೆ ಕೆಲಸ ಹೋಯಿತು. ಹಲ್ಲಕ್ಕ ಬಾಯಿ ತೆರೆದಳು.

ಬಂದದ್ದು ಹಾಡಲ್ಲ. ತುಕ್ಕು ಹಿಡಿದ ಬಾಗಿಲು ಕಿರುಗುಟ್ಟಿದ ಹಾಗೆ ಒಂದು ಕೂಗು. ಕತ್ತಿನ ನರ ಉಬ್ಬಿತು, ಗಂಟಲಲ್ಲಿ ಕಫ ಗೊರಗೊರ ಎಂದಿತು, ತುಟಿಯ ಕೊನೆಯಿಂದ ಎಂಜಲಿನ ಎಳೆಯೊಂದು ಜಾರಿ ಕುಪ್ಪಸದ ಮೇಲೆ ಬಿತ್ತು. ಅದೂ ಅವಳಿಗೆ ತಿಳಿಯಿತು. ಕೈ ನಿಲ್ಲಲಿಲ್ಲ, ಹಾಡು ನಿಲ್ಲಲಿಲ್ಲ. ಆಗ ಅವಳ ಕಣ್ಣು ಹಿಂದಿನ ಸಾಲಿಗೆ ಹೋಯಿತು. ಗಂಡನ ಮೂಗು ಸಿಂಡರಿಸಿತ್ತು, ಕಣ್ಣು ಕಿರಿದಾಗಿತ್ತು, ಮುಖ ನಿಧಾನವಾಗಿ ಗೋಡೆಯ ಕಡೆ ತಿರುಗಿತು. ಆ ಮುಖವನ್ನು ಅವಳು ಅವನಲ್ಲಿ ಎಂದೂ ಕಂಡಿರಲಿಲ್ಲ. ಅದು ಅವಳದೇ ಮುಖ. ಬಾಲ್ಕನಿಗೆ ಹೋಗುವ ಮೊದಲು ಅವನು ತಟ್ಟೆಯ ಮುಂದೆ ಕೂತು ದಿನವೂ ನೋಡಿದ ಮುಖ. ಇದನ್ನು ಎದುರಿಗಿಟ್ಟುಕೊಂಡು ಈ ಮನುಷ್ಯ ಒಂದಾದರೂ ತುತ್ತು ಹೇಗೆ ನುಂಗಿದ ಎಂದುಕೊಂಡಳು. ಬಾಯಿ ತೆರೆದುಕೊಂಡೇ ಕೊನೆಯ ಸಾಲಿನವರೆಗೂ ಕೂಗಿ ಮುಗಿಸಿದಳು.

ಫಲಿತಾಂಶವನ್ನು ಮೇಡಂ ಸಂಜೆಯೊಳಗೇ ಹೇಳಿದರು. “ಪಾಸು ಮಾಡಿದೀವಿ. ಥಿಯರಿ ನಿಮ್ಮನ್ನ ಎತ್ತಿಹಿಡೀತು. ಆದ್ರೆ ಲ್ಯಾಬಿನ ಕೆಲಸ ಆ ಹುಡುಗಿಗೆ. ಬೇಜಾರು ಮಾಡ್ಕೋಬೇಡಿ.”

ಯಾವ ಹುಡುಗಿ ಎಂದು ಕೇಳಬೇಕಾಗಿರಲಿಲ್ಲ. ಹೆಡ್‌ಫೋನಿನ ಸ್ವರ್ಗಕ್ಕೆ ಗಮ್ಮಕ್ಕ ಒಡತಿಯಾಗಿದ್ದಳು. ಹಲ್ಲಕ್ಕ ತನ್ನ ಚೀಲ ತೆಗೆದುಕೊಳ್ಳಲು ಲ್ಯಾಬಿಗೆ ಹೋದಾಗ ಆ ಹುಡುಗಿ ಮೂಲೆಯ ಪಿಯಾನೋದ ಮುಂದೆ ಬಗ್ಗಿ ನಿಂತಿದ್ದಳು.

“ಆಂಟಿ, ಈ ಕೆಂಪು ದೀಪ ಯಾವಾಗಿಂದ ಉರೀತಿದೆ? ಇದು ಶ್ರುತಿ ಇಳಿಸೋ ಬಟನ್ನು. ನಾಲ್ಕು ಮನೆ ಇಳಿದಿದೆ ನೋಡಿ. ಅಕ್ಷರ ಎಲ್ಲ ಅಳಿಸಿಹೋಗಿದೆ... ಅಯ್ಯೋ, ನೀವೇ ಒರೆಸಿ ಒರೆಸಿ ಒತ್ತಿಬಿಟ್ಟಿದೀರ!” ಹುಡುಗಿಯ ಮುಖದಲ್ಲಿ ನಿಜವಾಗಿಯೂ ನೋವಿತ್ತು. ಏನು ಹೇಳಬೇಕೋ ತಿಳಿಯದೆ ಜೇಬಿನಿಂದ ಹೊಸದೊಂದು ಗಮ್ ತೆಗೆದು, “ತಗೊಳ್ಳಿ ಆಂಟಿ” ಎಂದು ಚಾಚಿದಳು. ಹಲ್ಲಕ್ಕ ತಲೆಯಾಡಿಸಿ, ಸ್ಪಿರಿಟ್ಟಿನ ಬಾಟಲಿ ಅಲ್ಲೇ ಬಿಟ್ಟು ಹೊರಗೆ ಬಂದಳು. ಅಸಹ್ಯ ಪಡಲೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಗೇಟಿನ ಬಳಿ ಗಂಡ ಕಾಯುತ್ತಿದ್ದ. ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು.

“ಹೇಗಿತ್ತು?” ಎಂದು ಅವಳೇ ಕೇಳಿದಳು.

“ಸುಳ್ಳು ಹೇಳ್ಲಾ, ನಿಜ ಹೇಳ್ಲಾ?”

“ನಿಜ.”

“ನೋಡಕ್ಕಾಗಲಿಲ್ಲ ಕಣೇ. ಬಾಯಿ ಸೊಟ್ಟಗೆ, ಎಂಜಲು ಬೇರೆ... ಹೇಸಿಗೆ ಆಯ್ತು. ಗೋಡೆ ಕಡೆ ತಿರುಗಿಬಿಟ್ಟೆ.”

“ನೋಡಿದೆ.”

“ಆಮೇಲೆ ಮತ್ತೆ ಈ ಕಡೆ ತಿರುಗಿದೆ. ಅದನ್ನ ನೀನು ನೋಡಿಲ್ಲ. ಮುಗಿಯೋ ತನಕ ನಿನ್ನನ್ನೇ ನೋಡ್ಕೊಂಡು ಕೂತಿದ್ದೆ.”

“ಹೇಸಿಗೆ ಆಯ್ತು ಅಂದ್ರಲ್ಲ?”

“ಆಯ್ತು. ಅದಕ್ಕೇನೀಗ? ಎದ್ದು ಹೋಗೋಕಾಗತ್ತಾ?”

ಚುಚ್ಚಬೇಕೆಂದು ಅವನು ಹೇಳಿದ್ದಲ್ಲ. ಚುಚ್ಚುವ ಬುದ್ಧಿಯೇ ಅವನಿಗಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲಕ್ಕ ಕಿಟಕಿಯ ಕಡೆಗೆ ತಿರುಗಿ ಅತ್ತಳು.

ಮನೆಯಲ್ಲಿ ಅಡುಗೆ ಬಿಸಿ ಮಾಡಿ ಬಡಿಸಿದಳು. ಅವನು ಎಂದಿನಂತೆ ತಟ್ಟೆ ಎತ್ತಿಕೊಂಡು ಬಾಲ್ಕನಿಯ ಕಡೆ ಹೊರಟ.

“ಇಲ್ಲೇ ಕೂತ್ಕೊಳ್ಳಿ.”

“ಕೆಲಸ ಸಿಗಲಿಲ್ಲವಲ್ಲೇ.”

“ಸಿಗಲಿಲ್ಲ. ನಾಳೆ ಕ್ಲಿನಿಕ್ಕಿಗೇ ಹೋಗಬೇಕು. ನೀವು ಕೂತ್ಕೊಳ್ಳಿ.”

ಅವನು ಹೊಸದಾಗಿ ಹೆಣ್ಣು ನೋಡಲು ಬಂದವನಂತೆ ಕುರ್ಚಿಯ ತುದಿಯಲ್ಲಿ ಕೂತ. ಸಣ್ಣ ತುತ್ತು ಮಾಡಿ, ತುಟಿ ಬಿಗಿಹಿಡಿದು, ಸದ್ದಾಗದಂತೆ ಜಗಿಯಲು ನೋಡಿದ. ಹಣೆಯಲ್ಲಿ ಬೆವರು ಬಂತು, ಅನ್ನ ನೆತ್ತಿಗೇರಿ ಕೆಮ್ಮು ಬಂತು.

“ಹಾಗೆಲ್ಲ ಕಷ್ಟಪಡಬೇಡಿ” ಅಂದಳು ಅವಳು ನೀರಿನ ಲೋಟ ಸರಿಸುತ್ತಾ. “ಹೇಗೆ ತಿಂತೀರೋ ಹಾಗೇ ತಿನ್ನಿ.”

ಅವನು ಅವಳ ಮುಖ ನೋಡಿದ. ಹಸಿವೂ ಆಗಿತ್ತು. ಚಪ್ ಚಪ್ ಶುರುವಾಯಿತು. ಹಿಂದಿನಂತೆಯೇ ಇತ್ತು, ಬಾಲ್ಕನಿಯಲ್ಲಿ ಒಬ್ಬನೇ ಉಂಡು ಇನ್ನಷ್ಟು ಕೆಟ್ಟಿತ್ತು ಕೂಡ. ಹಲ್ಲಕ್ಕನ ಹೇಸಿಗೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅದು ಕ್ಲಿನಿಕ್ಕಿನಲ್ಲಿ ಬಿಟ್ಟು ಬರುವಂಥದ್ದೂ ಆಗಿರಲಿಲ್ಲ. ಮುಖ ಗೋಡೆಯ ಕಡೆ ತಾನಾಗಿಯೇ ತಿರುಗಹೊರಟಿತು. ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಅವನ ಬಾಯನ್ನೇ ನೋಡುತ್ತಾ ಕೂತಳು. ತಟ್ಟೆ ಖಾಲಿಯಾಗುತ್ತಾ ಬಂದಾಗ ಅವನು ಏಳಲು ಕುರ್ಚಿ ಹಿಂದಕ್ಕೆ ತಳ್ಳಿದ. ಹಲ್ಲಕ್ಕ ಸೌಟು ತೆಗೆದುಕೊಂಡು, ಅವನು ಬೇಡ ಬೇಡ ಅನ್ನುತ್ತಿದ್ದರೂ, ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.